ತಮ್ಮನ ಬೇಜಾರಿನ ಫೋಟೊ

ನಿನ್ನೆ ಬೆಳಿಗ್ಗೆ ಹಾಲು ಕಾಯಿಸಿದ್ದಾಯಿತು, ಬಾಗಿಲಿಗೆ ನೀರು ಹಾಕಿದ್ದಾಯಿತು, ಬುತ್ತಿಗೆ ಮೊಸರನ್ನ ಕಲಸಿದ್ದಾಯಿತು, ತಮ್ಮನಿಗೆ ಮಾತ್ರೆ ಕೊಟ್ಟು ನಾಲಿಗೆ ಎತ್ತಿಸಿ ನೋಡಿದ್ದಾಯಿತು. ಆಮೇಲೆ ಕೊಪ್ಪದಲ್ಲಿ ಬಸ್ಸು ಹತ್ತಿ, ಘಟ್ಟ ಇಳಿದು, ಅವನ ಮಿದುಳಿನ ಫೋಟೊ ತೆಗೆಸಿಕೊಂಡು ಬಂದದ್ದೂ ಆಯಿತು!

ನನ್ನ ತಮ್ಮನಷ್ಟು ಸುಖಿ ಈ ತಾಲ್ಲೂಕಿನಲ್ಲೇ ಇಲ್ಲವಂತೆ. ಯಾವುದಕ್ಕೂ ಬೇಜಾರಿಲ್ಲವಲ್ಲ! ಸ್ಕಿಜೋಫ್ರೇನಿಯಾ ಬಂದಂದಿನಿಂದ ಅವನ ಕಿವಿಯಲ್ಲಿ ಯಾರ್ಯಾರೋ ಮಾತಾಡುತ್ತಾರೆ. ಮುಖ ಮಾತ್ರ ಬಾಗಿಲು ಹಾಕಿದ ಅಂಗಡಿ. ಅಮ್ಮನನ್ನು ಸುಟ್ಟು ಬಂದ ದಿನ ನೆಂಟರೆಲ್ಲರ ಎದುರು, "ಅನ್ನಕ್ಕೆ ಉಪ್ಪಿನಕಾಯಿ ಇಲ್ವಾ?" ಎಂದು ಕೇಳಿದ್ದ. ಅವನೊಳಗೆ ಬೇಜಾರು ಎಂಬುದು ಉಳಿದಿದೆಯೋ ಇಲ್ಲವೋ? ನನಗೆ ಅದೊಂದು ತಿಳಿಯಬೇಕಿತ್ತು. ಇಂಥ ಕಾಯಿಲೆಯವರು ಬೇಜಾರನ್ನು ಹೇಗೆ ಹದ್ದುಬಸ್ತಿನಲ್ಲಿಡುತ್ತಾರೆಂದು ಮಿದುಳಿನಲ್ಲೇ ನೋಡುವ ಸಂಶೋಧನೆ ಎಂದು ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದಾಗ ಅವನಿಗಿಂತ ಮೊದಲು ನಾನು ತಲೆಯಾಡಿಸಿದೆ.

ಅವನು ಡಾಕ್ಟರಮ್ಮನನ್ನು ಕೇಳಿದ. "ಒಳಗೆ ಮಾತಾಡೋರು ಫೋಟೊದಲ್ಲಿ ಬತ್ತಾರಾ?"

"ಇಲ್ಲ."

"ಹಾಗಾದ್ರೆ ಅಡ್ಡಿಲ್ಲ. ಅವರು ಒಪ್ಪಿರ್ಲಿಲ್ಲ."

ಯಂತ್ರದೊಳಗೆ ಲೋಹ ಕೂಡದು, ಸೊಂಟದ ಬೆಳ್ಳಿ ಉಡಿದಾರ ತೆಗೆಯಿರಿ ಎಂದರು. ನಮ್ಮಲ್ಲಿ ಗಂಡಸಿನ ಉಡಿದಾರ ತೆಗೆಯುವುದು ಸತ್ತ ಮೇಲೆ.

"ಅಕ್ಕ, ನಾ ಸತ್ನಾ?"

"ಸತ್ತೋರು ಮಾತಾಡ್ತಾರೇನಾ?"

"ನನ್ ಹತ್ರ ದಿನಾ ಮಾತಾಡ್ತಾರಲ್ಲ."

ನಾನು ಮುಡಿದ ಹೂವಿನ ನೂಲು ಬಿಚ್ಚಿ ಮೊದಲು ಅದನ್ನು ಸೊಂಟಕ್ಕೆ ಕಟ್ಟಿ, ಆಮೇಲೆ ಬೆಳ್ಳಿಯದನ್ನು ತೆಗೆದೆ. ಬದುಕಿರುವುದು ಖಾತ್ರಿಯಾಗಿ ಒಳಗೆ ಹೋದ.

ಹೊರಗೆ ಬಂದಾಗಲೂ ಅದೇ ಮುಖ. ಇದು ಚಿಕಿತ್ಸೆಯಲ್ಲ, ಒಬ್ಬೊಬ್ಬರದು ಹೀಗೆ ಹಾಗೆ ಎಂದು ಹೇಳಲು ಬರುವುದಿಲ್ಲ ಎಂದರು ಡಾಕ್ಟರಮ್ಮ. ಅಷ್ಟು ದೂರ ಹೋಗಿ ನನಗೆ ಸಿಕ್ಕಿದ್ದು ಒಂದು ಕಪ್ ಕಾಫಿ.

ವಾಪಸು ಬರುವಾಗ ಬಸ್ಸು ಶೃಂಗೇರಿಯಲ್ಲಿ ನಿಂತಿತ್ತು. ತಡೆಯಲಾರದೆ ಕೇಳಿದೆ. "ಒಳಗೆ ಎಂತ ತೋರ್ಸಿದ್ರು?"

"ಅಳೋರ ಚಿತ್ರ. ಬೇಜಾರು ಕಮ್ಮಿ ಆಗೋ ಹಂಗೆ ಬೇರೆ ಎಂತಾರು ಯೋಚ್ನೆ ಮಾಡಿ ಅಂದ್ರು."

"ನೀ ಎಂತ ಯೋಚ್ನೆ ಮಾಡ್ದೆ?"

"ಒಂದು ಹೆಂಗ್ಸು ಅಳ್ತಿತ್ತು. ಈರುಳ್ಳಿ ಹೆಚ್ತಾ ಇರ್ಬೇಕು ಅಂದ್ಕಂಡೆ."

ನಗು ಬಂತು. "ಕಮ್ಮಿ ಆಯ್ತಾ ಮತ್ತೆ ಬೇಜಾರು?"

ಅವನು ಕಿಟಕಿಯ ಕಡೆ ತಿರುಗಿದ. "ಎಲ್ಲಿ? ಅಡುಗೆಮನೇಲಿ ನೀ ಅತ್ತು ಈರುಳ್ಳಿ ಅಂತ ಹೇಳ್ದಾಗೂ ಕಮ್ಮಿ ಆಗಲ್ಲ."

ಬುತ್ತಿಯಲ್ಲಿ ಉಳಿದಿದ್ದ ಮೊಸರನ್ನ ಅವನ ಕೈಗಿಟ್ಟೆ.

ರಾತ್ರಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ದಿನವೂ ಅವನು ನಿದ್ದೆ ಹೋದದ್ದು ಖಚಿತವಾದ ಮೇಲೆಯೇ ನಾನು ಕಣ್ಣು ಮುಚ್ಚುವುದು. ನಿನ್ನೆ ಮೊದಲು ನಿದ್ದೆ ಹೋದವಳು ನಾನು.