ಸಂಡಿಗೆ ಮಾಳಿಗೆಯ ಮೇಲೆ ನೆರಳಿನ ಕಾಳಗ

ಅಕ್ಕಿಹಿಟ್ಟು ದೊಡ್ಡ ಪಾತ್ರೆಯಲ್ಲಿ ಕುದಿದು ಗಂಜಿಯಾಗಿ ಗಟ್ಟಿಯಾಗುವ ಹೊತ್ತಿಗೆ ಅದಕ್ಕೆ ಅರೆದ ಹಸಿಮೆಣಸಿನಕಾಯಿ, ಇಂಗು, ಜೀರಿಗೆ ಬೀಳುತ್ತದಲ್ಲ, ಆಗ ಏಳುವ ವಾಸನೆ ನನಗೆ ಬಾಲ್ಯದಿಂದ ಅಂಟಿಕೊಂಡಿದೆ. ಲಂಗ ಮೇಲೆತ್ತಿ ಸಿಕ್ಕಿಸಿಕೊಂಡು ಮಾಳಿಗೆ ಹತ್ತುತ್ತಿದ್ದ ಆ ದಿನಗಳಲ್ಲಿ ಅದೇ ನಮಗೆ ಬೇಸಿಗೆಯ ಡಂಗುರ. ಈಗ ಅದೇ ವಾಸನೆ ಬಂದರೆ ಒಂದು ಮಹಾಯುದ್ಧ ನೆನಪಾಗುತ್ತದೆ.

ಹೇ ಸಹಸ್ರಕಿರಣನೇ, ಸಕಲಸಂಡಿಗೆಹಪ್ಪಳಶೋಷಕನೇ, ಜಗಳ ನಿನ್ನದೇ ಆದ್ದರಿಂದ ಕಥೆ ಹೇಳಲು ಮೊದಲು ನಿನ್ನ ಅಪ್ಪಣೆ ಬೇಡುತ್ತೇನೆ. ಒಂದು ಕೋಲಿನ ನೆರಳನ್ನಳೆದು ಇಡೀ ಭೂಮಂಡಲದ ಸುತ್ತಳತೆ ಹೇಳಿದ ಎರಟೋಸ್ತನೀಸನಿಗೆ, ತಿರುಗುವುದು ಆಕಾಶವಲ್ಲ, ನಮ್ಮ ಕಾಲಕೆಳಗಿನ ನೆಲವೇ ಎಂದ ಆರ್ಯಭಟನಿಗೆ, ಭೂಮಿಯನ್ನು ವಿಶ್ವದ ನಡುಮನೆಯಿಂದ ಎಬ್ಬಿಸಿ ಜಗಲಿಯಲ್ಲಿ ಕೂರಿಸಿದ ಕೊಪರ್ನಿಕಸನಿಗೆ, ಗಾಜಿನ ಕೊಳವೆಯೆತ್ತಿ ಗುರುಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡ, ಆಮೇಲೆ ಭೂಮಿ ಸುತ್ತುತ್ತದೆ ಎಂದು ವಾದಿಸಿದ ತಪ್ಪಿಗೆ ಮನೆ ಬಿಟ್ಟು ಹೊರಡದಂತಾದ ಗೆಲಿಲಿಯೋಗೆ ನಮಸ್ಕಾರ. ಇಷ್ಟು ಜನ ಇಷ್ಟು ಶತಮಾನ ಕಷ್ಟಪಟ್ಟು ಮನುಷ್ಯನಿಗೆ ತಿಳಿಸಿದ ಸುದ್ದಿ ಒಂದೇ: ಅಪ್ಪಾ, ನಡುವೆ ಇರುವುದು ನೀನಲ್ಲ. ಆ ಸುದ್ದಿ ಚಿತ್ರದುರ್ಗದ ಕೋಟೆಯ ಕೆಳಗಿನ ನಮ್ಮ ಓಣಿಗೆ ಮಾತ್ರ ಇನ್ನೂ ತಲುಪಿರಲಿಲ್ಲ.

ಆ ಓಣಿಯಲ್ಲಿ ಮೂವತ್ತೆಂಟು ವರ್ಷ ಹೈಸ್ಕೂಲಿನ ಕಪ್ಪುಹಲಗೆಯನ್ನು ಸೀಮೆಸುಣ್ಣದಿಂದ ಧವಳಗೊಳಿಸಿ ನಿವೃತ್ತರಾದವರೂ, ತಪ್ಪುತ್ತರಗಜಘಟಾಪಂಚಾನನರೂ, ಕೇಶರಹಿತಶಿರಸ್ಸಿನ ಕಾಂತಿಯಿಂದ ಹಗಲಲ್ಲೇ ಹುಣ್ಣಿಮೆಯನ್ನು ತರುವವರೂ ಆದ ಸುಬ್ಬನರಸಿಂಹಯ್ಯ ಮೇಷ್ಟ್ರು ವಾಸವಾಗಿದ್ದರು. ಅವರ ಪಕ್ಕದ ಮನೆಯಲ್ಲಿ ಪಂಚಾಂಗಪಂಜರಶುಕರೂ, ರಾಹುಕಾಲಗುಳಿಕಕಾಲದೌವಾರಿಕರೂ, ಅರ್ಧ ಊರಿನ ಮದುವೆಗೆ ಲಗ್ನವಿಟ್ಟು ತಮಗೆ ಮಾತ್ರ ಲಗ್ನ ಕೂಡಿಬರದೆ ಒಂಟಿಯಾಗಿ ಉಳಿದವರೂ ಆದ ಗಂಗಾಧರ ಜೋಯಿಸರು ಇದ್ದರು. ಮೇಷ್ಟ್ರ ಹೆಂಡತಿ ತುಂಗಮ್ಮ ಜೋಯಿಸರ ಅಕ್ಕ. ಎರಡು ಮನೆಗೂ ಮಾಳಿಗೆ ಒಂದೇ. ಇಪ್ಪತ್ತು ವರ್ಷದಿಂದ ಜೋಯಿಸರ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲೇ, ಭಾವನ ಪಕ್ಕದ ಮಣೆಯ ಮೇಲೆ.

ಯುದ್ಧದ ಬೀಜ ಬಿದ್ದದ್ದು ಏಪ್ರಿಲ್ ಹತ್ತೊಂಬತ್ತರ ಮಧ್ಯಾಹ್ನ, ಬಾಳೆಯೆಲೆಯ ಮೇಲೆ. ವರ್ಷದಲ್ಲಿ ಎರಡು ಸಲ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆಗ ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ ಎಂಬ ಮಾತು ಬಂತು. ಮೇಷ್ಟ್ರಿಗೆ ಪಾಠದ ಹುಮ್ಮಸ್ಸು ಏರಿತು. ಮಾವಿನಕಾಯಿ ಉಪ್ಪಿನಕಾಯಿಯ ಹೋಳೊಂದನ್ನು ಎಲೆಯ ನಟ್ಟನಡುವೆ ಇಟ್ಟು, ಒಂದು ಅನ್ನದುಂಡೆಯನ್ನು ಅದರ ಸುತ್ತ ಉರುಳಿಸಿ, "ನೋಡು ಗಂಗಾಧರ, ಇವನು ಸೂರ್ಯ, ಇದು ಭೂಮಿ" ಎಂದರು.

ಜೋಯಿಸರು ಎಲೆಯತ್ತ ಬೆರಳು ತೋರಿಸಿದರು. "ಭಾವ, ಉಪ್ಪಿನಕಾಯಿ ಎಲ್ಲಾದರೂ ಎಲೆ ನಡುವೆ ಇರುತ್ತದೆಯೇ? ಅದರ ಜಾಗ ಎಡಗಡೆ ತುದಿ."

"ಬಡಿಸೋದರ ವಿಷಯ ಅಲ್ಲಯ್ಯ ನಾನು ಹೇಳ್ತಿರೋದು."

"ಎಲೆಯಲ್ಲೇ ಕ್ರಮ ಇಲ್ಲದವರು ಆಕಾಶದ ಕ್ರಮ ಹೇಳ್ತೀರಿ. ಇರಲಿ. ಸೂರ್ಯ ನಮ್ಮೂರ ನೆತ್ತಿಗೆ ಬರೋದು ಇಪ್ಪತ್ತೊಂಬತ್ತಕ್ಕೆ, ನಾನು ಗಣಿತ ಹಾಕಿದ್ದೀನಿ."

"ಸೂರ್ಯ ಎಲ್ಲಿಗೂ ಬರಲ್ಲ. ನಾವು ಅವನ ಕೆಳಗೆ ಹೋಗ್ತೀವಿ. ಅದೂ ಇಪ್ಪತ್ತೆಂಟಕ್ಕೆ."

"ನಾನು ಎಲ್ಲಿಗೂ ಹೋಗಿಲ್ಲ. ಅರವತ್ತಾರು ವರ್ಷದಿಂದ ಇದೇ ಓಣಿಯಲ್ಲಿದ್ದೀನಿ."

"ಅನ್ನ ಆರ್ತಿದೆ" ಎಂದರು ತುಂಗಮ್ಮ. ಆ ನುಡಿ ರಣಭೇರಿಯ ನಡುವೆ ಕೊಳಲಿನಂತೆ ಯಾರಿಗೂ ಕೇಳದೆ ಹೋಯಿತು.

ಮಾತು ಬೆಳೆದು, ಇಪ್ಪತ್ತೆಂಟರಂದು ಮಾಳಿಗೆಯ ಮೇಲೆ ಕೋಲಿನ ನೆರಳು ನೋಡಿಯೇ ತೀರ್ಮಾನ ಎಂದಾಗಿ, ಶಪಥಕ್ಕೆ ಏರಿತು. ತಪ್ಪು ಒಪ್ಪಿಕೊಳ್ಳುವ ತನಕ ಇವನನ್ನು ಊಟಕ್ಕೆ ಕರೆಯುವುದಿಲ್ಲ ಎಂದರು ಮೇಷ್ಟ್ರು. ಭಾವನೇ ಕರೆಯುವ ತನಕ ಈ ಮನೆಯ ಅಗುಳು ಮುಟ್ಟುವುದಿಲ್ಲ ಎಂದು ಜೋಯಿಸರು ಅರ್ಧ ಎಲೆ ಬಿಟ್ಟು ಎದ್ದರು. ಅಂದಿನ ಎಲೆಯಲ್ಲಿ ಉಳಿದದ್ದು ತುಂಗಮ್ಮ ಅವರಿಗಾಗಿಯೇ ಮಾಡಿದ್ದ ಹೀರೆಕಾಯಿ ಬಜ್ಜಿ.

ಆಮೇಲಿನ ದಿನಗಳ ವಿರಹವನ್ನು ವರ್ಣಿಸಲು ನನ್ನ ಲೇಖನಿಗೆ ಶಕ್ತಿ ಸಾಲದು. ತುಂಗಮ್ಮನ ಕೈ ಅಭ್ಯಾಸಬಲದಿಂದ ಮೂರು ಜನಕ್ಕೇ ಅಕ್ಕಿ ಅಳೆಯುತ್ತಿತ್ತು. ಮಾಳಿಗೆಯಿಂದ ತಮ್ಮನ ಮನೆಗಿಳಿಯುವ ಮೆಟ್ಟಿಲ ಮೇಲಿಟ್ಟು ಬಂದ ಊಟದ ಡಬ್ಬಿ ಮುಚ್ಚಳ ತೆರೆಯದೆ ಹಿಂದಿರುಗಿತು. "ಭಾವ ಕರೀಲಿ ಅಕ್ಕ, ನಿನ್ನ ಮೇಲೇನೂ ಇಲ್ಲ" ಎಂದು ಮೆಟ್ಟಿಲ ಕೆಳಗಿನಿಂದ ದನಿ ಬಂತು. ಆಚೆಯ ಮನೆಯಿಂದ ದಿನವೂ ತಳಹತ್ತಿದ ಸಾರಿನ ವಾಸನೆ. ಜೋಯಿಸರು ಪಂಚೆಯನ್ನು ಮತ್ತೆ ಮತ್ತೆ ಬಿಗಿ ಮಾಡಿಕೊಳ್ಳುವುದನ್ನು ತುಂಗಮ್ಮ ಕಂಡರು. ಇತ್ತ ಮೇಷ್ಟ್ರು ಊಟಕ್ಕೆ ಕೂತು ಪಕ್ಕದ ಖಾಲಿ ಮಣೆಯ ಕಡೆ ನೋಡಿ, "ಈ ಹುಳಿಗೆ ಏನೋ ಕಡಿಮೆಯಾಗಿದೆ" ಎನ್ನುವರು. ಕಡಿಮೆಯಾದದ್ದು ಉಪ್ಪಲ್ಲವೆಂದು ತುಂಗಮ್ಮನಿಗೆ ಗೊತ್ತಿತ್ತು. ಗಂಡನಿಗೂ ತಮ್ಮನಿಗೂ ನಡುವೆ ನಿಂತವಳು ಯಾರ ಪರ ಮಾತಾಡಿಯಾಳು? ಇಪ್ಪತ್ತೆಂಟರ ಮಧ್ಯಾಹ್ನವಾದರೂ ಆ ಮಣೆ ತುಂಬಲಿ ಎಂಬುದಷ್ಟೇ ಅವರ ಪ್ರಾರ್ಥನೆ.

ಬಂತು ಏಪ್ರಿಲ್ ಇಪ್ಪತ್ತೆಂಟು. ಕೋಟೆಯ ಬಂಡೆಗಳು ಕಾದ ಹೆಂಚಾಗಿ, ಓಣಿಯ ನಾಯಿಗಳು ಚರಂಡಿಯ ತಂಪನ್ನು ಶರಣುಹೊಕ್ಕ ಆ ಹೊತ್ತಿನಲ್ಲಿ ಇಬ್ಬರು ಮಹಾರಥರು ಎರಡು ಮೆಟ್ಟಿಲುಗಳಿಂದ ಒಂದೇ ಮಾಳಿಗೆಯನ್ನೇರಿದರು. ಅಲ್ಲಿ ಈಚಲು ಚಾಪೆಗಳ ಮೇಲೆ ಸಂಡಿಗೆಯ ಶ್ವೇತಸೇನೆ ಸಾಲುಸಾಲಾಗಿ ಮಲಗಿತ್ತು. ನಡುವೆ ಮರಳು ತುಂಬಿದ ಡಬ್ಬದಲ್ಲಿ ಮೂರಡಿಯ ಕೋಲು, ಅದರ ತುದಿಯಲ್ಲಿ ಕಾಗೆಗಳನ್ನು ಬೆದರಿಸುವ ಕಪ್ಪುಬಟ್ಟೆ. ಮೇಷ್ಟ್ರು ಆ ಬಟ್ಟೆಯನ್ನು ಕಳಚಿ ಎಸೆದರು. ಕಾಗೆ ಕೋಲು ಆ ಕ್ಷಣದಿಂದ ಖಗೋಳಯಂತ್ರವಾಯಿತು. ಇಬ್ಬರೂ ಮಾತು ಬಿಟ್ಟಿದ್ದರಿಂದ ವೀರಾಲಾಪಗಳೆಲ್ಲ ಮೂಲೆಯಲ್ಲಿ ಕೂತಿದ್ದ ತುಂಗಮ್ಮನ ಮೂಲಕವೇ ಸಾಗಬೇಕಾಯಿತು.

"ಎಲೈ ತುಂಗಾ, ನಿನ್ನ ತಮ್ಮನಿಗೆ ಹೇಳು," ಎಂದು ಮೇಷ್ಟ್ರು ಕೈಗಡಿಯಾರವನ್ನು ಗದೆಯಂತೆ ಎತ್ತಿದರು. "ಆಕಾಶವಾಣಿಯ ವಾರ್ತೆಗೆ ಹೊಂದಿಸಿದ ಈ ಗಡಿಯಾರದಲ್ಲಿ ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷವಾದಾಗ, ಯಾವ ಛಾಯೆಯನ್ನಳೆದು ಪೂರ್ವಸೂರಿಗಳು ಪೃಥ್ವಿಯನ್ನೇ ಅಳೆದರೋ ಆ ಛಾಯೆ ಈ ಕೋಲಿನ ಬುಡದಲ್ಲಿ ಲಯವಾಗುತ್ತದೆ. ಅದು ಆಗದಿದ್ದರೆ ಮೂವತ್ತೆಂಟು ವರ್ಷ ನಾನು ಕಲಿಸಿದ್ದು ಸುಳ್ಳು."

"ಅಕ್ಕ, ಭಾವನಿಗೆ ಹೇಳು," ಎಂದು ಜೋಯಿಸರು ನೂಲಿಗೆ ಬೀಗದ ಕೈ ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ಪರೀಕ್ಷಿಸಿದರು. "ಗಡಿಯಾರ ಹುಟ್ಟುವ ಮೊದಲೇ ಶಂಕುವೆಂಬ ನೆರಳುಗೋಲು ನೆಟ್ಟು ದಿಕ್ಕು ಕಂಡವರ ವಂಶ ನಮ್ಮದು. ಇವತ್ತು ಒಂದೆಳೆ ನೆರಳು ಉಳಿದೇ ಉಳಿಯುತ್ತದೆ. ಉಳಿಯದಿದ್ದರೆ ನನ್ನ ಪಂಚಾಂಗವನ್ನು ನೀನು ಒಲೆಗೆ ಹಾಕು."

"ನಿಮ್ಮ ಆರ್ಯಭಟನೇ ಭೂಮಿ ತಿರುಗುತ್ತೆ ಅಂದಿದ್ದಾನೆ ಅಂತ ಅವನಿಗೆ ಹೇಳು."

"ಅವನು ನಮ್ಮವನು ಅಂತ ಒಪ್ಪಿಕೊಂಡಿರಲ್ಲ, ಅಷ್ಟು ಸಾಕು ಅಂತ ಹೇಳು."

"ಇಬ್ಬರೂ ಕೇಳಿಸಿಕೊಂಡಿರಲ್ಲ, ನಾನು ಬೇರೆ ಯಾಕೆ ಹೇಳಲಿ? ಕಾಗೆ ಬಂತು, ಸರೀರಿ" ಎಂದು ತುಂಗಮ್ಮ ಸೆರಗು ಬೀಸುತ್ತ ಎದ್ದರು. ಕಪ್ಪುಧ್ವಜ ಬಿದ್ದದ್ದನ್ನು ಕಂಡ ವಾಯಸಸೈನ್ಯ ನೀರಿನ ತೊಟ್ಟಿಯ ಮೇಲಿಂದ ದಾಳಿಯಿಟ್ಟಿತ್ತು. ಬಲಗಡೆಯ ಸಾಲಿನಲ್ಲಿ ಹನ್ನೊಂದು ಸಂಡಿಗೆ ಆಗಲೇ ವೀರಮರಣ ಹೊಂದಿದ್ದವು.

ಹನ್ನೆರಡು ಹದಿನೆಂಟು. ವೀರರಿಬ್ಬರೂ ಕೋಲಿನ ಆಚೀಚೆ ಬಾಗಿ ನಿಂತರು. ನೆರಳು ಅರ್ಧ ಬೆರಳಿಗೆ ಇಳಿದಿತ್ತು. ಹನ್ನೆರಡು ಇಪ್ಪತ್ತು. ಈಗ ಜೀರಿಗೆ ಕಾಳಿನಷ್ಟು.

ಮೇಷ್ಟ್ರ ನೆತ್ತಿಯಿಂದ ಬೆವರು ಮೂಗಿನ ತುದಿಗೆ ಇಳಿದು ಮರಳಿಗೆ ತೊಟ್ಟಿಕ್ಕಿತು. ಎಪ್ಪತ್ತೆರಡು ವರ್ಷದ ಆ ಮೇರುಪರ್ವತ ಒಮ್ಮೆ ಕೊಂಚ ಓಲಾಡಿತು. ಅದನ್ನು ಕಡೆಗಣ್ಣಿನಲ್ಲಿ ಕಂಡ ಜೋಯಿಸರು, ಕೋಲಿನಿಂದ ಕಣ್ಣು ತೆಗೆಯದೆಯೇ, ಕಂಕುಳಲ್ಲಿದ್ದ ಕೊಡೆಯನ್ನು ಬಿಚ್ಚಿ ಶತ್ರುವಿನ ತಲೆಯ ಮೇಲೆ ಹಿಡಿದರು. ಹಾಗೆ ಹಿಡಿದವರು ಶಾಸ್ತ್ರೋಕ್ತವಾಗಿ ಬರಿಗಾಲಲ್ಲಿ ಬಂದಿದ್ದರು. ಕಾದ ಗಾರೆಯ ಮೇಲೆ ಒಂದು ಕಾಲೆತ್ತಿ ಒಂದು ಕಾಲಿಳಿಸಿ ಕೊಕ್ಕರೆಯಂತೆ ನಿಂತಿದ್ದರು. ಅದನ್ನು ಮೇಷ್ಟ್ರು ಕಂಡರು. ಅವರೂ ಕೋಲಿನಿಂದ ಕಣ್ಣು ತೆಗೆಯದೆ, ತಮ್ಮ ಬಲಗಾಲಿನ ಚಪ್ಪಲಿಯನ್ನು ಕಳಚಿ ಹೆಬ್ಬೆರಳಿನಿಂದ ಭಾವಮೈದುನನ ಕಾಲ ಕೆಳಗೆ ತಳ್ಳಿದರು. ಹೀಗೆ ಇಬ್ಬರು ಮಹಾವೀರರು, ಒಂದೊಂದು ಚಪ್ಪಲಿಯ ಮೇಲೆ ಒಂದೊಂದು ಕಾಲಿಟ್ಟು, ಬ್ರಹ್ಮಾಂಡದ ತೀರ್ಪಿಗಾಗಿ ಕಾದರು.

ಹನ್ನೆರಡು ಇಪ್ಪತ್ತೆರಡು.

"ನೆರಳಿಲ್ಲ" ಎಂದರು ಮೇಷ್ಟ್ರು. ಅವರ ಕಂಠದಲ್ಲಿ ಸಾವಿರ ಶಂಖಗಳಿದ್ದವು.

ಜೋಯಿಸರು ಕನ್ನಡಕ ಒರೆಸಿಕೊಂಡು ನೋಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ಅವರ ಮುಖ ಬಾಡಿತು. "ಇಲ್ಲ" ಎಂದರು, ಮೆಲ್ಲಗೆ.

"ಹೇಗೆ ಬಿದ್ದೀತು?" ಎಂದರು ಅತ್ತಲಿಂದ ತುಂಗಮ್ಮ. "ಇಷ್ಟು ದೊಡ್ಡ ಕೊಡೆ ಅಡ್ಡ ಹಿಡಿದಿದ್ದೀರಿ. ಕೋಲೂ ಅದರೊಳಗೆ, ನೀವೂ ಅದರೊಳಗೆ."

ಇಬ್ಬರೂ ಮೇಲೆ ನೋಡಿದರು. ಆಕಾಶವಿರಬೇಕಾದಲ್ಲಿ ಹನ್ನೆರಡು ಕಡ್ಡಿಯ ಕಪ್ಪುಬಟ್ಟೆಯಿತ್ತು. ಅವಸರವಸರವಾಗಿ ಕೊಡೆ ಮಡಿಸುವಷ್ಟರಲ್ಲಿ ಗಡಿಯಾರದಲ್ಲಿ ಇಪ್ಪತ್ನಾಲ್ಕು ದಾಟಿತ್ತು. ಕೋಲಿನ ಪೂರ್ವಕ್ಕೆ ಒಂದು ಪುಟ್ಟ ನೆರಳು, ಏನೂ ನಡೆದಿಲ್ಲವೆಂಬಂತೆ, ಹೊಸದಾಗಿ ಮೊಳೆತಿತ್ತು.

"ಕೊಡೆ ಬಿಚ್ಚು ಅಂತ ನಿನಗೆ ಯಾರು ಹೇಳಿದ್ದು?" ಒಂಬತ್ತು ದಿನದ ಮೇಲೆ ಮೇಷ್ಟ್ರು ನೇರವಾಗಿ ಆಡಿದ ಮೊದಲ ಮಾತು ಇದು.

"ನಿಮ್ಮ ತಲೆ ದೋಸೆ ಹೆಂಚಾಗಿತ್ತು ಭಾವ. ಚಪ್ಪಲಿ ತಳ್ಳಿ ಅಂತ ನಿಮಗೆ ಯಾರು ಹೇಳಿದ್ದು?"

ಮೇಷ್ಟ್ರು ತಮ್ಮ ಬರಿಗಾಲನ್ನು ನೋಡಿಕೊಂಡರು. ಆಮೇಲೆ, "ನಾಳೆ ಮತ್ತೆ ನೋಡೋಣ. ಆದರೆ ನಾಳೆ ನಿನ್ನ ದಿನ" ಎಂದರು.

"ನಾಳೆ ನೋಡಿದರೂ ಅಷ್ಟೇ," ಎಂದರು ತುಂಗಮ್ಮ, ಕಪ್ಪುಬಟ್ಟೆಯನ್ನು ಮತ್ತೆ ಕೋಲಿಗೆ ಕಟ್ಟುತ್ತ. "ಯುಗಾದಿ ಹೊತ್ತಿಗೆ ನಡುಹಗಲಲ್ಲಿ ತೆಂಕಲ ಗೋಡೆಯ ನೆರಳು ಒಂದು ಗೇಣು ನನ್ನ ಚಾಪೆ ಮೇಲೆ ಬೀಳುತ್ತೆ. ಆಮೇಲೆ ದಿನಕ್ಕೊಂದು ಕಡಲೆಕಾಳಿನಷ್ಟು ಗೋಡೆ ಕಡೆ ಹಿಂದೆ ಸರಿಯುತ್ತೆ. ಈಗ ಒಂದು ಮೂರು ದಿನ ಪೂರ್ತಿ ಇಲ್ಲವೇ ಇಲ್ಲ. ನಿನ್ನೆನೂ ಇರಲಿಲ್ಲ, ನಾಳೆನೂ ಇರಲ್ಲ. ನನ್ನ ಕಣ್ಣಿಗೆ ಮೂರು ದಿನವೂ ಒಂದೇ. ಅದಕ್ಕೇ ಪ್ರತಿ ವರ್ಷ ಈ ವಾರವೇ ಗೋಡೆ ತನಕ ಚಾಪೆ ಹಾಸೋದು."

ನಲವತ್ತಾರು ಬೇಸಿಗೆಗಳ ವೀಕ್ಷಣೆಯ ಆ ವರದಿಯನ್ನು ಕೇಳಿ ವಿದ್ವಾಂಸರಿಬ್ಬರೂ ತೆಂಕಲ ಗೋಡೆಯ ಬುಡವನ್ನು ಬಗ್ಗಿ ನೋಡಿದರು.

"ಇದನ್ನ ಆವತ್ತೇ ಹೇಳೋದಲ್ವೇನೆ?" ಎಂದರು ಮೇಷ್ಟ್ರು.

"ಅನ್ನ ಆರ್ತಿದೆ ಅಂದೆ. ಅದೇ ಕಿವಿಗೆ ಬೀಳಲಿಲ್ಲ, ಇದು ಬೀಳ್ತಿತ್ತೇ?"

ಅವರು ಕೆಳಗಿಳಿದು ಹೋದರು. ಮಾಳಿಗೆಯ ಮೇಲೆ ವೀರರಿಬ್ಬರೂ ಅದೇ ಕೊಡೆಯನ್ನು ಮತ್ತೆ ಬಿಚ್ಚಿ ಅದರ ನೆರಳಿನಲ್ಲಿ ಒತ್ತೊತ್ತಾಗಿ ಕೂತರು. ಜೋಯಿಸರ ಹೊಟ್ಟೆ ಒಮ್ಮೆ ಗುರುಗುಟ್ಟಿತು. ಮೇಷ್ಟ್ರು ಕೇಳಿಸದವರಂತೆ ಕೋಟೆಯ ಕಡೆ ನೋಡಿದರು.

ತುಂಗಮ್ಮ ಒಂದು ತಟ್ಟೆ ಹಿಡಿದು ಬಂದರು. ಬಿಸಿ ಅನ್ನ, ಹುಳಿ, ಹೀರೆಕಾಯಿ ಬಜ್ಜಿ, ಅನ್ನದ ನಡುನೆತ್ತಿಯ ಮೇಲೆ ಒಂದು ಉಪ್ಪಿನಕಾಯಿ ಹೋಳು. ತಟ್ಟೆಯನ್ನು ತಮ್ಮನಿಗೆ ಕೊಡಲಿಲ್ಲ, ಗಂಡನ ಕೈಗೆ ಕೊಟ್ಟು ಸಂಡಿಗೆ ಮಗುಚಲು ಹೋದರು.

ಮೇಷ್ಟ್ರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಡುವೆ ಇದ್ದ ಉಪ್ಪಿನಕಾಯಿಯನ್ನು ಎರಡು ಬೆರಳಿನಿಂದ ಎತ್ತಿ ಎಡಗಡೆಯ ಅಂಚಿಗೆ ಇಟ್ಟರು. ಆಮೇಲೆ ತಟ್ಟೆಯನ್ನು ಜೋಯಿಸರ ಕಡೆ ಚಾಚಿದರು.