ಸ್ಪೇನಿನ ಮೀನಿಗೆ ಉಪ್ಪುಂದದ ಒಪ್ಪಿಗೆ

ಸ್ಪೇನ್ ದೇಶದ ಒಂದು ಹಳ್ಳಿಯ ಆಡಳಿತ ಉಪ್ಪುಂದದ ನಮ್ಮ ಅತ್ತೆಯ ಜಗಲಿಯಿಂದ ನಡೆಯುತ್ತಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಅಲ್ಲಿನ ಸರಕಾರಕ್ಕೂ ಈ ವಿಷಯ ಗೊತ್ತಿದ್ದಂತಿಲ್ಲ.

ಮಗಳ ಬಾಣಂತನಕ್ಕೆಂದು ಅತ್ತೆ ಅಲ್ಲಿಗೆ ಹೋಗಿದ್ದರು. ಗುಡ್ಡದ ನೆತ್ತಿಯಲ್ಲಿ ಒಂದಷ್ಟು ಕಲ್ಲಿನ ಮನೆ, ಒಂದು ಇಗರ್ಜಿ, ಸುತ್ತ ಗೋಧಿ ಹೊಲ, ಆಲಿವ್ ಮರ. ಅಂಗಡಿ ಮಾತ್ರ ಇಲ್ಲ. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಹಾರ್ನ್ ಕೇಳಿತು. ಬೆಳಗಿನ ಹಾರ್ನಿಗೆ ನಮ್ಮ ಕರಾವಳಿಯಲ್ಲಿ ಇರುವುದು ಒಂದೇ ಅರ್ಥ: ಮೀನು ಬಂತು. ಅತ್ತೆ ಪಾತ್ರೆ ಹಿಡಿದು ಓಡಿದರು. ವ್ಯಾನಿನವನು ಅದರೊಳಗೆ ಮೊಳದುದ್ದದ ಬ್ರೆಡ್ ನಿಲ್ಲಿಸಿದ.

“ಹ್ವಾಯ್, ಬಂಗ್ಡಿ ಇಲ್ಯಾ?”

ಅವನು ಇನ್ನೊಂದು ಬ್ರೆಡ್ ಕೊಟ್ಟ.

“ಅಲ್ಲ ಅತ್ತಿ, ನಿಮ್ಮ ಭಾಷೆ ಅವ್ನಿಗೆ ತಿಳಿತಾ?” ಎಂದು ಅವರು ಊರಿಗೆ ಬಂದ ಮೇಲೆ ನಾನು ಕೇಳಿದ್ದುಂಟು.

“ಬ್ರೆಡ್ ಮಾರುವವ್ನಿಗೆ ಮೀನಿನ್ ಭಾಷೆ ಎಲ್ಲಿ ತಿಳಿತ್ ಮಾರಾಯಾ?”

ಮೀನಿನ ವ್ಯಾನ್ ಬರುವುದು ಗುರುವಾರ. ಆ ದಿನ ಅತ್ತೆ ಎಲ್ಲರಿಗಿಂತ ಮುಂದೆ ನಿಂತು, ಒಂದೊಂದು ಮೀನಿನ ಕಿವಿರು ಬಿಡಿಸಿ ನೋಡಿ, ಕೆಂಪಿಲ್ಲದ್ದನ್ನು ಹಳತೆಂದು ಬದಿಗೆ ತಳ್ಳಿದರು. ಕೆಲವೇ ವಾರಗಳಲ್ಲಿ, ಅತ್ತೆ ತಲೆಯಾಡಿಸದೆ ಊರ ಹೆಂಗಸರು ಮೀನು ಮುಟ್ಟದಂತಾಯಿತು. ಇದನ್ನು ಪ್ರಜಾಪ್ರಭುತ್ವ ಎನ್ನಬಹುದೇ? ತಿಳಿದವರು ಹೇಳಬೇಕು.

ಎದುರುಮನೆಯ ಅಜ್ಜಿಯೊಬ್ಬಳು ಮಾತ್ರ ಹೊರಗೆ ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಒಬ್ಬಳಿಗಾಗಿ ಏನು ಅಡುಗೆ ಎಂದು ಒಲೆ ಹಚ್ಚುವುದನ್ನೇ ಬಿಟ್ಟಿದ್ದಳಂತೆ. ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. ಬಾಗಿಲು ಬಡಿದರು, ಕೈಹಿಡಿದು ವ್ಯಾನಿನವರೆಗೆ ಎಳೆದು ತಂದರು, ಮೀನು ಆರಿಸಿಕೊಟ್ಟರು, ಆಕೆ ಹುರಿದು ತಿನ್ನುವ ತನಕ ಎದುರಿಗೇ ಕೂತರು. ಹೀಗೆ ಪ್ರತಿ ಗುರುವಾರ.

ಬಾಣಂತನ ಮುಗಿಸಿ ಅತ್ತೆ ಊರಿಗೆ ಬಂದರು. ಸ್ವಲ್ಪ ದಿನಕ್ಕೇ ಮಗಳ ಫೋನು.

“ಅಮ್ಮ, ಆ ಅಜ್ಜಿ ಮತ್ತೆ ಬಾಗ್ಲ್ ಹಾಯ್ಕಂಡ್ ಕೂಕಂಡಿದ್ರ್. ಕರೆದ್ರೂ ಬತ್ತಿಲ್ಲೆ.”

ಅತ್ತೆಗೆ ಊಟ ಸೇರಲಿಲ್ಲ. “ಗುರುವಾರ ಮೀನ್ ಬಪ್ಪೊತ್ತಿಗೆ ಫೋನ್ ಅವ್ರ್ ಬಾಗ್ಲ್ ಎದ್ರ್ ಹಿಡಿ” ಎಂದು ಅಪ್ಪಣೆಯಾಯಿತು.

ಆ ಗುರುವಾರ ನಾನೂ ಜಗಲಿಯಲ್ಲಿದ್ದೆ. ಫೋನಿನಲ್ಲಿ ಒಂದು ಮುಚ್ಚಿದ ಹಸಿರು ಬಾಗಿಲು, ಎಲ್ಲೋ ಹಾರ್ನ್. ಅತ್ತೆ ಉಪ್ಪುಂದ ಪೇಟೆಗೇ ಕೇಳುವಂತೆ ಕೂಗಿದರು:

“ಹ್ವಾಯ್ ಮಾರಾಯ್ತಿ, ಬಾಗ್ಲ್ ತೆಗಿ. ನಾನಿಲ್ಲೆ ಅಂದ್ಹೇಳಿ ಉಪಾಸ ಕೂಕಂತ್ಯಾ?”

ಬಾಗಿಲು ತುಸು ಸರಿಯಿತು. ಕೆದರಿದ ಬಿಳಿ ಕೂದಲು ಕಂಡಿತು, ಆಮೇಲೆ ಮುಖ. ಅಜ್ಜಿ ಫೋನನ್ನು ತಾನೇ ಕೈಗೆ ತೆಗೆದುಕೊಂಡು ವ್ಯಾನಿನತ್ತ ನಡೆದಳು. ಒಂದು ಮೀನೆತ್ತಿ, ಕಿವಿರು ಬಿಡಿಸಿ, ಕ್ಯಾಮೆರಾಕ್ಕೆ ಹಿಡಿದಳು.

“ಕೆಂಪ್ ಇತ್ತ್. ತಕೋ” ಎಂದರು ಅತ್ತೆ.

ಮೀನು ಸರಿದಾಗ ಅದರ ಹಿಂದಿದ್ದ ಮುಖ ಒದ್ದೆಯಾಗಿತ್ತು. ಅತ್ತೆ ಸೆರಗಿನ ತುದಿಯಿಂದ ಫೋನಿನೊಳಗಿನ ಆ ಕೆನ್ನೆಗಳನ್ನು ಮೆಲ್ಲಗೆ ಒರೆಸಿದರು.