ನಮ್ಮ ಕಲ್ಲಂಗಡಿ ಹೊಲವನ್ನು ಕೆರೆ ಮಾಡಿದ ಉಪಗ್ರಹದವರಿಗೆ

ಮಾನ್ಯರೇ,

ಆಕಾಶದಲ್ಲಿದ್ದುಕೊಂಡೇ ಊರೂರಿನ ಹೊಲಗಳನ್ನು ನೋಡಿ, ಯಾವ ಬೆಳೆಗಾರನಿಗೆ ಸರ್ಕಾರದ ಸಹಾಯಧನ ಸಲ್ಲಬೇಕೆಂದು ತೀರ್ಮಾನಿಸುವ ತಮ್ಮ ಪಾದಗಳಿಗೆ, ಪಾದಗಳಿದ್ದರೆ, ಈ ಮುದುಕಿಯ ನಮಸ್ಕಾರಗಳು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಸೊಟ್ಟಗಿದ್ದರೂ ಅಷ್ಟು ಎತ್ತರದಿಂದ ನೆಟ್ಟಗೆ ಕಂಡೀತೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಸೊಸೆ ಬಟ್ಟೆ ಹೊಲಿಯುವವಳು, ಮನೆಯ ಹಿಂದಿನ ಹೊಲದಲ್ಲಿ ಕಲ್ಲಂಗಡಿಯನ್ನೂ ಬೆಳೆಯುತ್ತಾಳೆ. ಎಳೆ ಬಳ್ಳಿಗೆ ಚಳಿ ಬಡಿಯಬಾರದೆಂದು ಊರಿನ ಹಳೇ ನೀಲಿ ಟಾರ್ಪಾಲುಗಳನ್ನೆಲ್ಲ ಬೇಡಿ ತಂದು, ಮಿಷನ್ನಿನಲ್ಲಿ ಒಂದಕ್ಕೊಂದು ಹೊಲಿದು, ಇಡೀ ಹೊಲಕ್ಕೆ ಅವಳು ಹೊದಿಸಿದ ಬೆಳಿಗ್ಗೆಯೇ ತಮ್ಮ ಸವಾರಿ ನಮ್ಮ ತಲೆಯ ಮೇಲೆ ಹಾದುಹೋಯಿತು. ತಾವು ನೀಲಿ ಕಂಡಿರಿ, ಕಂಡದ್ದೇ ಕೆರೆ ಎಂದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥ ನಮ್ಮ ಕಚೇರಿಯವರು, ಕೆರೆಗೆಲ್ಲಿಯ ಬೆಳೆ ಸಹಾಯಧನ ಎಂದು ಅದನ್ನು ನಿಲ್ಲಿಸಿದ್ದಲ್ಲದೆ, ಹಣ್ಣು ಬಲಿಯುವ ಹೊತ್ತಿಗೆ ಒತ್ತುವರಿ ನೋಟಿಸನ್ನೂ ಕಳಿಸಿದರು: ಸರ್ಕಾರಿ ಕೆರೆಯಲ್ಲಿ ಬಳ್ಳಿ ಹಬ್ಬಿಸಿದ ತಪ್ಪಿಗೆ ಈ ತಿಂಗಳ ಕೊನೆಯೊಳಗೆ ಜಾಗ ಬಿಡಬೇಕಂತೆ. "ಅತ್ತೆ, ನಾನು ಹೊಲಿದಿದ್ದು ಕೆರೆನಾ?" ಎಂದು ನೋಟಿಸು ಹಿಡಿದು ನಗುತ್ತಾ ಕೂತ ಸೊಸೆ, ನಗು ಮುಗಿದ ಮೇಲೂ ಏಳಲಿಲ್ಲ.

ಆದರೂ ತಮ್ಮ ಕಣ್ಣನ್ನು ಎಷ್ಟು ಹೊಗಳಿದರೂ ಸಾಲದು. ಪಕ್ಕದ ಸಿಮೆಂಟ್ ಗೋದಾಮಿನವನು ಸೆಕೆ ತಾಳದೆ ತಗಡಿನ ಚಾವಣಿಗೆ ಹಸಿರು ಬಣ್ಣ ಬಳಿಸಿದ್ದನ್ನು ತಾವು ಹುಲ್ಲುಗಾವಲೆಂದು ಗುರುತಿಸಿದ್ದರಿಂದ ಅವನಿಗೆ ಮೇವಿನ ಸಹಾಯಧನ ಬಂದಿದೆ. ಯಾವ ಹಸುವೂ ಇನ್ನೂ ಏಣಿ ಹತ್ತಿಲ್ಲ. ಊರವರು ಅವನನ್ನು ಹಾಲಿನ ಸಾಹುಕಾರ ಎನ್ನುತ್ತಾರೆ, ಅವನೂ ನಾಚದೆ ಓಗೊಡುತ್ತಾನೆ. ಇದನ್ನು ಕಂಡ ಸಲೂನಿನವನು "ಅಜ್ಜೀ, ನನ್ನ ಬೋಳು ತಲೆಗೂ ಒಂದು ಕೋಟ್ ಹೊಡೆಸಿದ್ರೆ ಏನಾದ್ರೂ ಸಿಗುತ್ತಾ?" ಎಂದು ಕೇಳುತ್ತಿದ್ದಾನೆ, ದಯವಿಟ್ಟು ದರ ತಿಳಿಸುವುದು.

ನನ್ನ ಕೋರಿಕೆ ಚಿಕ್ಕದು. ದೊಡ್ಡವರ ಮಾತು ಸುಳ್ಳಾಗಬಾರದು, ಆದ್ದರಿಂದ ಕೆರೆಗೆ ನೀರನ್ನಾದರೂ ಕಳಿಸಿ. ಜೊತೆಗೆ ಒಂದು ದೋಣಿ, ನಾಲ್ಕು ಬಾತುಕೋಳಿ, ಈ ವಯಸ್ಸಿನಲ್ಲಿ ನನಗೆ ಈಜು ಕಲಿಸಬಲ್ಲ ತಾಳ್ಮೆಯ ಮೇಷ್ಟ್ರು. ಅದಾಗದಿದ್ದರೆ ಒಂದು ದಿನ ರಜೆ ಹಾಕಿ ತಾವೇ ಕೆಳಗಿಳಿದು ಬನ್ನಿ. ಅಂಗಳದಲ್ಲಿ ಕುರ್ಚಿ ಇದೆ, ಒಂದು ಕಾಲು ಅಲ್ಲಾಡುತ್ತದೆ, ಆದರೆ ತಮಗೆ ತೇಲಿ ಅಭ್ಯಾಸವಿದೆಯಲ್ಲ.

ತಮ್ಮ ಕೆರೆಯ ಆಳ ನೋಡಲು ಮೊನ್ನೆ ಕಚೇರಿಯ ಸಾಹೇಬರೊಬ್ಬರು ಬಂದಿದ್ದರು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ಬಳ್ಳಿಗಳ ನಡುವೆ ಕೊಕ್ಕರೆಯಂತೆ ಕಾಲೆತ್ತಿ ನಡೆದು, ಒಣ ಮಣ್ಣಿಗೆ ಕೋಲೂರಿ, ನೀರು ಸ್ವಲ್ಪ ಇಳಿದಿದೆ ಎಂದು ಬರೆದುಕೊಂಡರು. ಸೊಸೆ ಹಣ್ಣು ಕೊಯ್ದು ಕೊಟ್ಟಳು. ಚಪ್ಪರಿಸಿ ತಿಂದು, ಇನ್ನೆರಡನ್ನು ಜೀಪಿಗೆ ಹಾಕಿಸಿಕೊಂಡು, "ಸಕ್ಕರೆ ಇದ್ದ ಹಾಗಿದೆ ಕಣಮ್ಮ, ಆದ್ರೆ ನಕ್ಷೆಯಲ್ಲಿ ಕೆರೆ ಅಂತಿದೆ, ನಾನೇನು ಮಾಡ್ಲಿ?" ಎಂದು ಹೊರಟರು.

ತಮ್ಮ ಮುಂದಿನ ಸವಾರಿಯ ಹೊತ್ತಿಗೆ ನಾನು ಕೆಂಪು ಸೀರೆಯುಟ್ಟು ಹೊಲದ ನಡುವೆ ಮಲಗಿರುತ್ತೇನೆ. ಮೆಣಸಿನಕಾಯಿ ಒಣಗಲು ಹಾಕಿದ್ದಾರೆ ಎಂದು ಬರೆದುಬಿಡಬೇಡಿ. ಮುದುಕಿ ಎಂದು ಬರೆಯಿರಿ, ಮುಳುಗಿಲ್ಲ ಎಂದೂ ಸೇರಿಸಿ.

ತಮ್ಮ ವಿಶ್ವಾಸಿ,
ಕೆರೆಯ ನಟ್ಟನಡುವೆ ಒಣಗಿ ನಿಂತಿರುವ ಅಜ್ಜಿ

ಮರೆತ ಮಾತು: ಆ ಸಾಹೇಬರು ಮೀನಿನ ವಾಸನೆಗೂ ಮೂಗು ಮುಚ್ಚುವ ಶುದ್ಧ ಸಸ್ಯಾಹಾರಿಗಳೆಂದು ಜೀಪಿನ ಡ್ರೈವರ್ ಹೇಳಿದ. ಅವರು ತಿಂದದ್ದು ಕಲ್ಲಂಗಡಿಯಾದರೆ ಅದು ಹೊಲ, ನೋಟಿಸನ್ನು ಹರಿದುಹಾಕಿ. ಇಲ್ಲ, ಅದು ಕೆರೆಯೇ ಎನ್ನುವುದಾದರೆ ಅವರು ಚಪ್ಪರಿಸಿದ್ದು ಮೀನು ಎಂದಾಯಿತು. ಆ ಸಂಗತಿಯನ್ನು ಅವರ ತಾಯಿಯವರಿಗೆ ತಿಳಿಸುವ ಇನ್ನೊಂದು ಪತ್ರ ಬರೆದಿಟ್ಟಿದ್ದೇನೆ, ತಿಂಗಳ ಕೊನೆಯವರೆಗೆ ಅಂಚೆಗೆ ಹಾಕುವುದಿಲ್ಲ.